ಸಹಾಯ ಬೇಕು: ಅಜ್ಜನ ಹೆಸರಿಗೆ ಬಂದ ಭೂಸ್ವಾಧೀನದ ನೋಟಿಸ್

ಎಲ್ಲರಿಗೂ ನಮಸ್ಕಾರ. ನಮ್ಮೂರು ವಿರಾಜಪೇಟೆ ಕಡೆ. ಸ್ವಲ್ಪ ಗದ್ದೆ, ಅದಕ್ಕೆ ಸೇರಿದ ಜಮ್ಮಾ ಬಾಣೆಯಲ್ಲಿ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ, ಗದ್ದೆಗೆ ಹೊಂದಿಕೊಂಡ ಮರಗಾಡಿನ ಜಮೀನು) ರೊಬಸ್ಟಾ ಕಾಫಿ. ಕಳೆದ ವಾರ ಸೋಮವಾರ ಬಾಣೆಗೆ ನೋಟಿಸ್ ಬಂತು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, ಕಲಂ 28(2) ಅಂತ ಬರೆದಿದೆ. ಹೆಸರು ಮಾತ್ರ ನಮ್ಮ ಅಜ್ಜನದು. ಅವರು ತೀರಿಕೊಂಡು ಇಪ್ಪತ್ತು ವರ್ಷ ಆಯ್ತು. ಪಹಣಿಯಲ್ಲಿ ಪಟ್ಟೇದಾರ (ಇಡೀ ಮನೆತನದ ಪರವಾಗಿ ಹೆಸರು ದಾಖಲಾದವರು) ಅಂತ ಇನ್ನೂ ಅವರ ಹೆಸರೇ ಇದೆ. ಅಮ್ಮ ಆ ಕಾಗದವನ್ನು ದೇವರ ಮನೆಯಲ್ಲಿ, ಅಜ್ಜನ ಫೋಟೋ ಹಿಂದೆ ಇಟ್ಟುಬಿಟ್ಟಿದ್ದಾರೆ.

ಕಾಯ್ದೆ ಓದಿದೆ. ನೋಟಿಸ್ ಕೈಗೆ ಸಿಕ್ಕ 30 ದಿನದೊಳಗೆ ಆಕ್ಷೇಪಣೆ ಕೊಡಬಹುದು. ಮಾಲೀಕರಲ್ಲದೆ ಅನುಭವದಲ್ಲಿರುವವರಿಗೂ, ಹಿತಾಸಕ್ತಿ ಇರುವವರಿಗೂ ನೋಟಿಸ್ ಕೊಡಬೇಕು. 28(3)ರಲ್ಲಿ ನಮ್ಮ ಮಾತು ಕೇಳಿದ ಮೇಲೆ ಆದೇಶ. ಆಮೇಲೆ 28(4)ರ ಅಂತಿಮ ಅಧಿಸೂಚನೆ ಬಂದರೆ ಜಾಗ ಸರ್ಕಾರದ್ದೇ. ಅದಕ್ಕೇ ಈಗ ಸುಮ್ನೆ ಕೂರುವ ಹಾಗಿಲ್ಲ, ಅಲ್ವಾ?

ಬಾಣೆಯಲ್ಲಿ ಪಾಲು ಇರುವವರು ಹನ್ನೊಂದು ಜನ. ಇಬ್ಬರು ಮೈಸೂರಿನಲ್ಲಿ, ಒಬ್ಬರು ದುಬೈನಲ್ಲಿ. ಎಲ್ಲರೂ ಸೇರಿ ಒಂದೇ ಅರ್ಜಿ ಕೊಟ್ಟರೆ ಸಾಕಾ, ಬೇರೆ ಬೇರೆ ಕೊಡಬೇಕಾ? ವಂಶವೃಕ್ಷ, ಮರಣ ಪ್ರಮಾಣಪತ್ರ ಜೊತೆಗಿಟ್ಟರೆ ನಡೆಯುತ್ತಾ, ಖಾತೆ ಬದಲಾಗಲೇಬೇಕಾ? ಜಮ್ಮಾ ಬಾಣೆ ಕೇಸು ನೋಡಿರುವ ವಕೀಲರು ಮಡಿಕೇರಿ ಅಥವಾ ವಿರಾಜಪೇಟೆಯಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಆ ಮೆಣಸಿನ ಬಳ್ಳಿಗಳನ್ನು ಅಜ್ಜ ಒಂದೊಂದಾಗಿ ಮರಕ್ಕೆ ಕಟ್ಟಿದ್ದು. ಒಂಬತ್ತು ದಿನ ಆಗಲೇ ಹೋಯ್ತು.