‘ಕುಕೀ’ಗೆ ‘ಬಿಲ್ಲೆ’ ಎನ್ನಬಹುದೇ?

ಮಾನ್ಯರೇ,

ಜಾಲತಾಣವೊಂದರ ಖಾಸಗಿತನದ ನೀತಿಯನ್ನು ಕನ್ನಡಕ್ಕೆ ತರುವಾಗ ‘ಕುಕೀ’ (ತಾಣವೊಂದು ನಮ್ಮ ಬ್ರೌಸರಿನಲ್ಲಿ ಇರಿಸುವ ಮಾಹಿತಿಯ ಸಣ್ಣ ತುಣುಕು) ಎಂಬ ಪದದ ಬಳಿ ನನ್ನ ಕೆಲಸ ನಿಂತಿದೆ. ಎರವಲು ಪದವನ್ನು ಉಳಿಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ (‘ಕುಕೀಸ್‌ಗಳು’ ಎಂಬ ಇಮ್ಮಡಿ ಬಹುವಚನಕ್ಕೆ ಮಾತ್ರ ಇದೆ). ಆದರೆ ಬೇಕರಿಯ ಬಿಸ್ಕತ್ತನ್ನು ನೆನಪಿಸುವುದರಾಚೆ ಅದು ಓದುಗರಿಗೆ ಏನನ್ನೂ ತಿಳಿಸುವುದಿಲ್ಲ.

ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೊಟ್ಟು, ಬದಲಾಗದಂತೆ ಮರಳಿ ಪಡೆಯುವ ಮಾಹಿತಿಯ ತುಣುಕನ್ನು ಯುನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯ ಬಳಗದವರು ‘ಮ್ಯಾಜಿಕ್ ಕುಕೀ’ ಎನ್ನುತ್ತಿದ್ದರು. 1994ರಲ್ಲಿ ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಆ ಉಪಾಯವನ್ನೂ ಹೆಸರನ್ನೂ ಬ್ರೌಸರಿಗೆ ತಂದರು. ಬ್ರೌಸರೂ ತಾಣವೂ ಮಾತಾಡಿಕೊಳ್ಳುವ ನಿಯಮಾವಳಿಯಾದ ಎಚ್‌ಟಿಟಿಪಿಗೆ ನೆನಪೆಂಬುದಿಲ್ಲ, ಈಗಷ್ಟೇ ಲಾಗಿನ್ ಆದವರೂ ಮುಂದಿನ ಪುಟಕ್ಕೆ ಹೋದರೆ ಅದಕ್ಕೆ ಅಪರಿಚಿತರೇ. ಆದ್ದರಿಂದ ಸರ್ವರ್ (ತಾಣವನ್ನು ಒದಗಿಸುವ ಕಂಪ್ಯೂಟರ್) ಒಂದು ಗುರುತಿನ ಸಂಖ್ಯೆಯನ್ನು ಕೊಡುತ್ತದೆ, ಬ್ರೌಸರ್ ಅದನ್ನು ಇಟ್ಟುಕೊಂಡು ಆ ತಾಣಕ್ಕೆ ಹೋದಾಗಲೆಲ್ಲ ತೋರಿಸುತ್ತದೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಬಿಲ್ಲೆಯಂತೆ, ಆ ಸಂಖ್ಯೆಯ ಅರ್ಥ ಅದನ್ನು ಹಿಡಿದವರಿಗೆ ತಿಳಿಯದು, ಕೊಟ್ಟವರಿಗೆ ಮಾತ್ರ ತಿಳಿದಿರುತ್ತದೆ. ಚಪ್ಪಲಿಯ ಬಿಲ್ಲೆಯನ್ನು ಮರಳಿಸಬೇಕು, ಕುಕೀ ನಮ್ಮಲ್ಲೇ ಉಳಿಯುತ್ತದೆ ಎಂಬ ಆಕ್ಷೇಪ ಬರಬಹುದು. ಆದರೆ ಜವಾನರು ಧರಿಸುತ್ತಿದ್ದ ಹಿತ್ತಾಳೆಯದೂ ಬಿಲ್ಲೆಯೇ, ಅದು ಸದಾ ತೋರಿಸುವಂಥದ್ದು. ಕುಂಟೆಬಿಲ್ಲೆಯ ಚಪ್ಪಟೆ ಬಿಲ್ಲೆಯನ್ನು ನೆನೆದರೆ ಬಿಸ್ಕತ್ತಿನ ಆಕಾರವೂ ಸಿಕ್ಕಿಬಿಡುತ್ತದೆ.

ಬ್ರೌಸರ್ ಮುಚ್ಚಿದೊಡನೆ ಅಳಿಯುವ ಕುಕೀಯನ್ನು ‘ತಾತ್ಕಾಲಿಕ’ ಎಂದರೆ ಸಾಕು. ತೊಡಕಿರುವುದು ‘ಥರ್ಡ್ ಪಾರ್ಟಿ ಕುಕೀ’ಯಲ್ಲಿ. ಸುದ್ದಿಯ ಪುಟದೊಳಗೆ ಕುಳಿತ ಜಾಹೀರಾತು ಸಂಸ್ಥೆಯೊಂದು ತನ್ನದೇ ಕುಕೀಯನ್ನು ಇರಿಸಿ, ಮುಂದೆ ಅಂಗಡಿಯ ತಾಣದಲ್ಲೂ ಅದೇ ಬ್ರೌಸರನ್ನು ಗುರುತು ಹಿಡಿಯುವ ಬಗೆ ಇದು. ‘ತೃತೀಯ ಪಕ್ಷದ ಕುಕೀ’ ಎಂದರೆ ಚುನಾವಣೆಯ ವಾಸನೆ ಬರುತ್ತದೆ. ‘ಹೊರತಾಣದ ಬಿಲ್ಲೆ’ ಎಂದರೆ ಬಿಲ್ಲೆ ಕೊಟ್ಟವರು ನಾವು ತೆರೆದ ತಾಣದವರಲ್ಲ ಎಂಬುದು ಪದದಲ್ಲೇ ಕಾಣುತ್ತದೆ.

ಕ್ರಿಯಾಪದದ ಮೇಲೂ ನನಗೆ ಅನುಮಾನವಿದೆ. ತಾಣಗಳು ಕುಕೀಗೆ ಅನುಮತಿ ಕೇಳುವಾಗ ತೋರಿಸುವ ‘ಎಲ್ಲವನ್ನೂ ಸ್ವೀಕರಿಸಿ’ ಎಂಬ ಗುಂಡಿ ಉಡುಗೊರೆ ನೀಡುವವರ ಮಾತಿನಂತಿದೆ. 2018ರಲ್ಲಿ ಜಾರಿಗೆ ಬಂದ ಯುರೋಪಿನ ದತ್ತಾಂಶ ನಿಯಮವಾಗಲಿ, ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಾಗಲಿ ಹೇಳುವುದು ಸಮ್ಮತಿಯ ಮಾತನ್ನು. ಹಾಗಾಗಿ ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’ ಎಂಬ ಜೋಡಿ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ನಿಮ್ಮ ಕಡೆ ಚಪ್ಪಲಿ ಬಿಟ್ಟಾಗ ಕೊಡುವುದಕ್ಕೆ ಈಗಲೂ ‘ಬಿಲ್ಲೆ’ ಎನ್ನುತ್ತಾರೆಯೇ, ಅಥವಾ ಎಲ್ಲೆಡೆ ‘ಟೋಕನ್’ ಆಗಿದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.