ಅಪ್‌ಡೇಟ್: ಅವ್ವನನ್ನು ಚರ್ಚಿಗೆ ಕರೆದುಕೊಂಡು ಹೋದೆ

ಈ ಕೊರೊನಾ ಕಾಲದಲ್ಲಿ 74 ವರ್ಷದ, ಉಬ್ಬಸ ಇರುವ ಅವ್ವನನ್ನು ಚರ್ಚಿನ ಪೂಜೆಗೆ ಕರೆದೊಯ್ಯಲೋ ಬೇಡವೋ ಎಂದು ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. 2020ರ ಜೂನ್ 8ರಿಂದ ಚರ್ಚು ತೆರೆಯಲು ಅನುಮತಿ ಸಿಕ್ಕಿದ್ದರೂ, 65 ದಾಟಿದವರು ಮನೆಯಲ್ಲೇ ಇರಿ ಎಂಬ ಸಲಹೆ ಇತ್ತಲ್ಲ, ಅದಕ್ಕೇ ಇಷ್ಟು ದಿನ ತಡೆದಿದ್ದೆ.

ಭಾನುವಾರದ ಪೂಜೆ ತಪ್ಪಿದರೆ ಪಾಪ ಎಂಬ ಅಳುಕು ಅವ್ವನಿಗೆ. ಫಾದರ್ ಫೋನ್ ಮಾಡಿ, ಗಂಭೀರ ಕಾರಣವಿದ್ದಾಗ ಮನೆಯಲ್ಲೇ ಪ್ರಾರ್ಥಿಸಿ ಎಂದು ನಮ್ಮ ಕಥೋಲಿಕ ಧರ್ಮಸಭೆಯ ಕಾನೂನಿನ 1248ನೇ ವಿಧಿಯೇ ಹೇಳುತ್ತದೆ ಎಂದು ತಿಳಿಸಿದರು. ಆಮೇಲೆ ನಿರಾಳವಾದಳು.

ಲಸಿಕೆಯ ಎರಡೂ ಡೋಸ್ ಆದ ಮೇಲೆ, ನೀವು ಹೇಳಿದಂತೆ ಜನ ಕಡಿಮೆ ಇರುವ ವಾರದ ದಿನ, ಬಳ್ಳಾರಿ ಬಿಸಿಲು ಏರುವ ಮುಂಚೆ ಹೋದೆವು. ಸೋಂಕಿನ ಭಯಕ್ಕೆ ನೀರು ಹಾಕದೆ ಬಾಗಿಲ ಬಳಿಯ ತೀರ್ಥದ ಬಟ್ಟಲು ಒಣಗಿತ್ತು. ಅವ್ವ ರೂಢಿಯಂತೆ ಬೆರಳು ಅದ್ದಲು ಹೋದಳು, ಒಂದು ಗಳಿಗೆ ನಿಂತಳು, ಒಣ ಬೆರಳಲ್ಲೇ ಶಿಲುಬೆ ಗುರುತು ಹಾಕಿಕೊಂಡಳು. ನನ್ನ ಗಂಟಲು ಕಟ್ಟಿತು. ಬೆಂಚಿಗೆ ಇಬ್ಬರೇ, ಕಿಟಕಿಗಳೆಲ್ಲ ತೆರೆದಿದ್ದವು. ಜೀವಮಾನವಿಡೀ ನಾಲಿಗೆಯ ಮೇಲೆ ಪರಮಪ್ರಸಾದ (ಪೂಜೆಯಲ್ಲಿ ಫಾದರ್ ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಂಡವಳು ಈ ಸಲ ನಡುಗುವ ಅಂಗೈ ಒಡ್ಡಿದಳು.

ಭಾನುವಾರದ ಗುಂಪಿಗೆ ಇನ್ನೂ ಕರೆದೊಯ್ಯುವುದಿಲ್ಲ. ಗುರುವಾರದ ಪೂಜೆಗೆ ಮಾತ್ರ ಅವ್ವ ಈಗಲೇ ಸೀರೆ ತೆಗೆದಿಟ್ಟಿದ್ದಾಳೆ. ಉತ್ತರ ಕೊಟ್ಟ ಅಕ್ಕ-ಅಣ್ಣಂದಿರಿಗೆಲ್ಲ ಕೈಮುಗಿಯುತ್ತೇನೆ.