ತವರಿನ ಜಮೀನಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕೇ?

ಪ್ರಶ್ನೆ: ಚನ್ನರಾಯಪಟ್ಟಣದ ಕಡೆಯ ಓದುಗಿ

ನಮ್ಮ ತಂದೆಯವರು ಕಳೆದ ವರ್ಷ ತೀರಿಕೊಂಡರು. ತಾತನ ಕಾಲದಿಂದ ಬಂದ ಮೂರು ಎಕರೆ ತೆಂಗಿನ ತೋಟವೂ ತಂದೆಯವರೇ ದುಡಿದು ಕೊಂಡ ಎರಡು ಎಕರೆ ಹೊಲವೂ ಅವರ ಹೆಸರಿನಲ್ಲಿವೆ. ಅವರು ಉಯಿಲು ಬರೆದಿಟ್ಟಿಲ್ಲ. ತಾಯಿ ಇದ್ದಾರೆ; ಮಕ್ಕಳು ಅಕ್ಕ, ನಾನು ಮತ್ತು ತಮ್ಮ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದಕ್ಕೆ, ಅರ್ಜಿ ಕೊಡುವ ಮೊದಲು ನಾವಿಬ್ಬರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಬೇಕೆಂದು ತಮ್ಮ ಕೇಳುತ್ತಿದ್ದಾನೆ. ಅಕ್ಕನ ಮದುವೆ 1991ರಲ್ಲೇ ಆದದ್ದರಿಂದ ಆಕೆಗೆ ಪಾಲೇ ಬರುವುದಿಲ್ಲವೆಂದೂ, ನನ್ನ ಮದುವೆಗೆ ಒಡವೆ ಹಾಕಿ ಖರ್ಚು ಮಾಡಿರುವುದರಿಂದ ನನ್ನ ಪಾಲು ಅಲ್ಲಿಗೇ ತೀರಿತೆಂದೂ ನೆಂಟರು ಹೇಳುತ್ತಾರೆ. ತಮ್ಮ ಕೆಟ್ಟವನಲ್ಲ, ಪ್ರತಿ ಗೌರಿ ಹಬ್ಬಕ್ಕೂ ತಪ್ಪದೆ ಬಾಗಿನ ತರುತ್ತಾನೆ. ಪಾಲು ಕೇಳಿದರೆ ತವರಿನ ದಾರಿ ಮುಚ್ಚಿಹೋಗುತ್ತದೆ ಎಂಬ ಹೆದರಿಕೆ ನಮಗಿಂತ ಹೆಚ್ಚಾಗಿ ತಾಯಿಗಿದೆ. ಕಾನೂನು ತಿಳಿದವರೂ ಇಂಥ ಸಂದರ್ಭವನ್ನು ದಾಟಿ ಬಂದವರೂ ದಯವಿಟ್ಟು ತಿಳಿಸಬೇಕು.

ಉತ್ತರ: ಮೈಸೂರಿನ ವಕೀಲರೊಬ್ಬರು

ನೆಂಟರು ಹೇಳಿದ ಎರಡು ಮಾತುಗಳಲ್ಲಿ ಮೊದಲನೆಯದು ಒಂದು ಕಾಲಕ್ಕೆ ನಿಜವಾಗಿತ್ತು. ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತಾದರೂ, ಆ ದಿನಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದವನ್ನು ಉಳಿಸಲಿಲ್ಲ. ಆ ದಿನ ತಂದೆ ಬದುಕಿದ್ದಿರಬೇಕೆಂಬ ನಿಯಮವೂ ಇಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ನಿಮ್ಮ ಅಕ್ಕನಿಗೂ ಪಾಲಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ವಿಭಾಗವಾಗಿದ್ದರೆ ಅದನ್ನು ಈಗ ಕದಲಿಸಲಾಗದು; ನಿಮ್ಮ ಮನೆಯಲ್ಲಿ ಅಂಥದ್ದೇನೂ ಆದಂತೆ ಕಾಣುವುದಿಲ್ಲ.

ತಂದೆಯವರು ಸ್ವಂತ ದುಡಿಮೆಯಿಂದ ಕೊಂಡ ಹೊಲದ ಲೆಕ್ಕ ಇನ್ನೂ ಸರಳ. ಉಯಿಲಿಲ್ಲದಿದ್ದರೆ ಹೆಂಡತಿಗೂ ಪ್ರತಿಯೊಬ್ಬ ಮಗ, ಮಗಳಿಗೂ ಸಮಪಾಲು ಎಂಬುದು 1956ರಿಂದಲೇ ಇರುವ ಕಾನೂನು. ಎರಡು ಎಕರೆಯೆಂದರೆ ಎಂಬತ್ತು ಗುಂಟೆ, ವಾರಸುದಾರರು ನಾಲ್ವರು, ತಲಾ ಇಪ್ಪತ್ತು ಗುಂಟೆ. ತೋಟವು ಕಾನೂನಿನ ಅರ್ಥದಲ್ಲಿ ಪಿತ್ರಾರ್ಜಿತವೇ ಅಲ್ಲವೇ ಎಂಬುದನ್ನು ಹಳೆಯ ದಾಖಲೆ ನೋಡಿಯೇ ಹೇಳಬೇಕು. ಹೇಗಿದ್ದರೂ ಮಗನ ಪಾಲು ಹೆಚ್ಚು, ಮಗಳ ಪಾಲು ಕಡಿಮೆ ಎಂದಾಗುವುದಿಲ್ಲ. ಮದುವೆಯ ಖರ್ಚನ್ನು ಪಾಲಿನಲ್ಲಿ ಮುರಿದುಕೊಳ್ಳಬಹುದೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ.

ಪೌತಿ ಖಾತೆಗೆ ಹಕ್ಕು ಬಿಡುಗಡೆ ಪತ್ರ ಬೇಕಾಗಿಯೇ ಇಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸಿ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ಆಧಾರದ ಮೇಲೆ ನಾಲ್ವರ ಹೆಸರಿಗೂ ಜಂಟಿಯಾಗಿ ಖಾತೆ ಮಾಡಿಸಬಹುದು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಅರ್ಜಿ ಕೊಡುವ ಚಾಳಿ ಹಲವು ಊರುಗಳಲ್ಲಿದೆ. ಅದನ್ನು ನೀವೇ ಕಣ್ಣಾರೆ ನೋಡಿ ಓದಿಕೊಳ್ಳಿ.

ಉತ್ತರ: ಹಾವೇರಿ ಜಿಲ್ಲೆಯ ಓದುಗಿ

ನಾವು ಅಕ್ಕತಂಗಿಯರು ಪಾಲು ಕೇಳಿದೆವು. ಅಣ್ಣ ಎರಡು ವರ್ಷ ಮಾತು ಬಿಟ್ಟಿದ್ದ. ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ಆ ನೋವು ಸಣ್ಣದೆಂದು ನಾನು ಹೇಳಲಾರೆ. ಆದರೆ ಸಹಿ ಹಾಕುವವರೆಗೆ ಮಾತ್ರ ಇರುವ ಪ್ರೀತಿಯನ್ನು ಉಳಿಸಿಕೊಳ್ಳಲು ಹೆಣ್ಣುಮಕ್ಕಳೇ ಏಕೆ ಬೆಲೆ ಕೊಡಬೇಕು ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ನೋಂದಣಿ ಕಚೇರಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ನಮ್ಮ ವಿಭಾಗ ಪತ್ರದ ದಿನ ನಮಗಿಂತ ಮುಂದೆ ಒಬ್ಬ ತಾಯಿ ಹಕ್ಕು ಬಿಟ್ಟುಕೊಡಲು ಬಂದಿದ್ದರು. ಫೋಟೊ ತೆಗೆದರು, ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸಿದರು, ಮುಗಿಯಿತು. ಪತ್ರದಲ್ಲಿ ಎಷ್ಟು ಜಮೀನಿದೆ, ಯಾವ ಸರ್ವೆ ನಂಬರು ಎಂದು ಆಕೆ ಕೇಳಲಿಲ್ಲ, ಜೊತೆಗಿದ್ದವರು ಹೇಳಲೂ ಇಲ್ಲ. ಬಿಟ್ಟುಕೊಡುವುದೇ ಆಕೆಯ ಇಷ್ಟವಾಗಿದ್ದಿರಬಹುದು. ಏನನ್ನು ಬಿಟ್ಟುಕೊಡುತ್ತಿದ್ದೇನೆಂಬುದಾದರೂ ಆಕೆಗೆ ತಿಳಿಯಬೇಕಿತ್ತು.

ಈಗ ಪಹಣಿಯಲ್ಲಿ ನನ್ನ ಹೆಸರಿದೆ. ಸಹಕಾರ ಸಂಘದ ಬೆಳೆ ಸಾಲ, ಬೆಳೆ ವಿಮೆ, ಬರ ಬಂದಾಗಿನ ಪರಿಹಾರ ಎಲ್ಲವೂ ಪಹಣಿಯನ್ನು ಹಿಡಿದೇ ನಡೆಯುತ್ತವೆ. ಹೊಲದಲ್ಲಿ ಕಳೆ ತೆಗೆಯುವವರು, ನಾಟಿ ಮಾಡುವವರು ಹೆಚ್ಚಾಗಿ ಹೆಂಗಸರೇ ಆಗಿದ್ದರೂ 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ಸುಮಾರು ಶೇ. 14ರಷ್ಟು ಮಾತ್ರ. ನಮ್ಮ ಮನೆಗಳಲ್ಲಿ ಬೀಳುವ ಒಂದೊಂದು ಸಹಿಯಿಂದಲೇ ಆ ಅಂಕಿ ಅಷ್ಟಕ್ಕೇ ನಿಂತಿದೆ ಎಂದು ನನಗನಿಸುತ್ತದೆ.

ಉತ್ತರ: ತಿಪಟೂರಿನ ಕೃಷಿಕರೊಬ್ಬರು

ನಾನು ಊರಿನಲ್ಲೇ ಉಳಿದ ಮಗ, ಆದ್ದರಿಂದ ನಿಮ್ಮ ತಮ್ಮನ ಕಡೆಯಿಂದಲೂ ಒಂದು ಮಾತು. ಬೋರ್‌ವೆಲ್ ಕೊರೆಸಿದ ಸಾಲ, ತಂದೆಯ ಆಸ್ಪತ್ರೆಯ ಖರ್ಚು, ತೋಟಕ್ಕೆ ಸುರಿದ ಗೊಬ್ಬರ ಇವೆಲ್ಲ ಊರಿನಲ್ಲಿರುವವನ ಹೆಗಲಿಗೇ ಬೀಳುತ್ತವೆ. ಪಾಲಿನ ಮಾತು ಬಂದಾಗ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂಬ ಕೊರಗು ಅವನಲ್ಲಿರಬಹುದು, ಅದು ನ್ಯಾಯವಾದ ಕೊರಗೇ. ಆದರೆ ಅದಕ್ಕೆ ಪರಿಹಾರ ಲೆಕ್ಕ ಬರೆಯುವುದೇ ಹೊರತು ಅಕ್ಕಂದಿರ ಹೆಸರನ್ನು ತೆಗೆಸುವುದಲ್ಲ. ನಾವು ಸಾಲದ ಪಟ್ಟಿಯನ್ನು ಎಲ್ಲರೆದುರು ಓದಿ ಪಾಲಿಗೆ ತಕ್ಕಂತೆ ಹಂಚಿಕೊಂಡೆವು. ತೋಟ ತುಂಡಾಗಬಾರದೆಂದು ಖಾತೆಯನ್ನು ಜಂಟಿಯಾಗಿಯೇ ಇಟ್ಟು, ಕೊಬ್ಬರಿ ಮಾರಿದ ಹಣದಲ್ಲಿ ಖರ್ಚು ಕಳೆದು ತಂಗಿಯರ ಭಾಗವನ್ನು ಅವರವರ ಬ್ಯಾಂಕ್ ಖಾತೆಗೆ ಹಾಕುತ್ತಿದ್ದೇನೆ.

ತಾಯಿಯವರ ಪಾಲನ್ನು ಮರೆಯಬೇಡಿ. ಮಕ್ಕಳ ಜಗಳದಲ್ಲಿ ಮೊದಲು ಕಾಣೆಯಾಗುವುದು ಅದೇ. ಅವರ ಹೆಸರು ಪಹಣಿಯಲ್ಲಿದ್ದರೆ, ಕೊನೆಗಾಲದಲ್ಲಿ ಯಾರ ಮನೆಯಲ್ಲಿದ್ದರೂ ಅವರು ಯಾರ ಹಂಗಿಗೂ ಬೀಳಬೇಕಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಅಕ್ಕನಿಗೆ ಪಾಲಿದೆಯೆಂಬುದು ಆಕೆಗೂ ತಿಳಿದಿರಲಿಲ್ಲ. ಬಿಡುಗಡೆ ಪತ್ರಕ್ಕೆ ಈಗ ಸಹಿ ಮಾಡುವುದಿಲ್ಲವೆಂದೂ, ನಾಲ್ವರ ಹೆಸರಿಗೂ ಪೌತಿ ಖಾತೆಯಾಗಲಿ ಎಂದೂ ತಮ್ಮನಿಗೆ ನಾವಿಬ್ಬರೂ ಒಟ್ಟಿಗೆ ಹೋಗಿ ಹೇಳಲಿದ್ದೇವೆ. ಅವನು ಮಾಡಿದ ಖರ್ಚಿನ ಪಟ್ಟಿಯನ್ನು ಮೊದಲು ನಾವೇ ಕೇಳುತ್ತೇವೆ. ತಿಪಟೂರಿನವರಲ್ಲಿ ಒಂದು ವಿನಂತಿ: ಕೊಬ್ಬರಿಯ ಹಣ ಹಂಚಿಕೊಳ್ಳುವ ಒಪ್ಪಂದವನ್ನು ಕಾಗದದ ಮೇಲೆ ಬರೆದುಕೊಂಡಿದ್ದರೆ ಅದರಲ್ಲಿ ಯಾವ ಯಾವ ಅಂಶಗಳಿವೆಯೆಂದು ತಿಳಿಸುವಿರಾ?